ಪೇಟೆ ಸೇರಿದ ನರಿ, ಬಯಲಲ್ಲೇ ಉಳಿದ ನರಿ

ಯುಗಾದಿಗೆ ಇನ್ನೊಂದು ವಾರವಿದೆ ಎನ್ನುವಾಗ, ಮಧುಗಿರಿ ತಾಲ್ಲೂಕಿನ ಉತ್ತರದಂಚಿನ ಒಂದು ಗೋಮಾಳದಲ್ಲಿ ಕುರಿ ಕಾಯುವ ಹಿರಿಯರೊಬ್ಬರು ನನ್ನನ್ನು ಒಂದು ಬಿಲದ ಹತ್ತಿರ ಕರೆದುಕೊಂಡು ಹೋದರು. ಹತ್ತಿರ ಎಂದರೆ ಇನ್ನೂರು ಹೆಜ್ಜೆ ದೂರ. ಅದಕ್ಕಿಂತ ಮುಂದೆ ಹೋಗಲು ಅವರು ಬಿಡಲಿಲ್ಲ. ನೆಲ ಕೊಂಚ ಉಬ್ಬಿದ್ದ, ಮಳೆನೀರು ನಿಲ್ಲದ ಜಾಗದಲ್ಲಿ ಒಣಹುಲ್ಲಿನ ನಡುವೆ ನಾಲ್ಕೈದು ಬಾಯಿಗಳಿದ್ದ ಬಿಲ ಅದು. ಹೊತ್ತು ಮುಳುಗಿ ಬೆಳಕು ಇನ್ನೂ ಉಳಿದಿದ್ದಾಗ ಬೂದುಬಣ್ಣದ ಎರಡು ಮರಿಗಳು ಹೊರಗೆ ಬಂದು ಒಂದನ್ನೊಂದು ಉರುಳಿಸತೊಡಗಿದವು. ದೊಡ್ಡದೊಂದು ಸ್ವಲ್ಪ ಆಚೆಗೆ, ಬದುವಿನ ಮೇಲೆ, ಕಿವಿ ನಿಮಿರಿಸಿ ನಮ್ಮ ಕಡೆಗೇ ನೋಡುತ್ತ ಕುಳಿತಿತ್ತು. “ಇದು ನರಿ ಅಲ್ಲ ಸ್ವಾಮಿ, ಗುಳ್ಳೆನರಿ. ನರಿ ಕೆರೆ ಕಡೆ ಇರ್ತದೆ, ಊಳಿಡ್ತದೆ. ಇದು ಊಳಿಡಲ್ಲ” ಎಂದರು ಹಿರಿಯರು. ಕಾಲೇಜು ಓದುವ ಅವರ ಮೊಮ್ಮಗ ಮೊಬೈಲ್ ತೆಗೆದು, ಲಂಡನ್ನಿನ ರಸ್ತೆಯೊಂದರಲ್ಲಿ ಕಸದ ಚೀಲ ಎಳೆದಾಡುತ್ತಿದ್ದ ಕೆಂಪು ನರಿಯ ವಿಡಿಯೊ ತೋರಿಸಿ, “ಇವೂ ಹಿಂಗೇ ಪ್ಯಾಟೆ ಸೇರ್ಕಂಡ್ರೆ ಬದುಕಲ್ವಾ ಸಾರ್?” ಎಂದು ಕೇಳಿದ.

ಆ ಹೊತ್ತಿನಲ್ಲಿ ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಪ್ರಶ್ನೆ ಮಾತ್ರ ಬಹಳ ಒಳ್ಳೆಯದು. ಒಂದೇ ಕುಲಕ್ಕೆ ಸೇರಿದ, ಹೆಚ್ಚುಕಡಿಮೆ ಅದೇ ಆಹಾರ ತಿನ್ನುವ ಎರಡು ಪ್ರಾಣಿಗಳಲ್ಲಿ ಒಂದು ಜಗತ್ತಿನ ದೊಡ್ಡ ನಗರಗಳೊಳಗೆ ಮನೆ ಮಾಡಿಕೊಂಡಿದೆ, ಇನ್ನೊಂದು ತುಮಕೂರು ಪೇಟೆಯ ಕಡೆಗೆ ತಲೆಯನ್ನೂ ಹಾಕುವುದಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ತಿಳಿದರೆ ನಮ್ಮ ಬಯಲಿನ ನರಿ ಇವತ್ತು ಯಾವ ಇಕ್ಕಟ್ಟಿನಲ್ಲಿದೆ ಎಂಬುದೂ ತಿಳಿಯುತ್ತದೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ನಮ್ಮ ಕಡೆ ಬರಿದೇ ‘ನರಿ’ ಎಂದರೆ ಗುಂಪಾಗಿ ಊಳಿಡುವ, ಎಂಟರಿಂದ ಹತ್ತು ಕಿಲೋ ತೂಗುವ, ತೋಳ ಮತ್ತು ನಾಯಿಯ ಹತ್ತಿರದ ಸಂಬಂಧಿಯಾದ ಪ್ರಾಣಿ. ಪಂಚತಂತ್ರದ ಕರಟಕ, ದಮನಕರು ಈ ನರಿಗಳೇ. ‘ನರಿ ಕೂಗು ಗಿರಿ ಮುಟ್ಟೀತೇ’ ಎಂಬ ಗಾದೆಯಲ್ಲಿ ಕೂಗುವುದೂ ಇದೇ. ಗುಳ್ಳೆನರಿ ಬೇರೆ. ಅದು ಎರಡರಿಂದ ಮೂರು ಕಿಲೋ ತೂಗುವ, ಮನೆಯ ಬೆಕ್ಕಿಗಿಂತ ತುಸು ದೊಡ್ಡದಾದ ಪ್ರಾಣಿ. ಮೈ ಬೂದು, ಕಾಲು ತೆಳ್ಳಗೆ, ಕಿವಿ ದೊಡ್ಡದು, ಬಾಲ ಪೊದೆಯಂತೆ ದಟ್ಟವಾಗಿದ್ದು ಮೈಯುದ್ದದ ಅರ್ಧಕ್ಕಿಂತ ಹೆಚ್ಚು. ತಮಿಳಿನ ‘ಕುಳ್ಳನರಿ’ ಎಂಬ ಹೆಸರು ನಮ್ಮ ಮಾತಿಗೆ ಎಷ್ಟು ಹತ್ತಿರವಾಗಿದೆ ನೋಡಿ. ಇಂಗ್ಲಿಷ್ ಕಥೆಗಳು ಕನ್ನಡದ ಪಠ್ಯಪುಸ್ತಕಕ್ಕೆ ಬಂದಾಗ ಈ ಎರಡೂ ಒಂದೇ ‘ನರಿ’ಯಾಗಿಬಿಟ್ಟವು. ದ್ರಾಕ್ಷಿ ಬೆಳೆಯುವ ಚಿಕ್ಕಬಳ್ಳಾಪುರದ ಮಕ್ಕಳು ಕೂಡ, ದ್ರಾಕ್ಷಿ ಹುಳಿ ಎಂದು ಹೊರಟುಹೋದ ಪ್ರಾಣಿ ಯಾವುದು ಎಂಬುದನ್ನು ತಮ್ಮೂರಿನ ನರಿಯ ಚಿತ್ರದಲ್ಲೇ ಕಂಡುಕೊಂಡರು.

ಮೂರನೆಯದು ಆ ಹುಡುಗನ ಮೊಬೈಲಿನಲ್ಲಿದ್ದ ಕೆಂಪು ನರಿ. ನೆಲದ ಮೇಲಿನ ಕಾಡು ಮಾಂಸಾಹಾರಿಗಳಲ್ಲಿ ಇದರಷ್ಟು ವಿಸ್ತಾರವಾಗಿ ಹರಡಿರುವ ಪ್ರಾಣಿ ಇನ್ನೊಂದಿಲ್ಲ. ಉತ್ತರ ಧ್ರುವದ ಅಂಚಿನ ಹಿಮದಿಂದ ಉತ್ತರ ಆಫ್ರಿಕಾದವರೆಗೆ, ಯುರೋಪು, ಏಷ್ಯಾ, ಉತ್ತರ ಅಮೆರಿಕಗಳ ಉದ್ದಗಲಕ್ಕೂ ಅದು ಇದೆ. 19ನೆಯ ಶತಮಾನದಲ್ಲಿ ಬೇಟೆಯ ಹವ್ಯಾಸಕ್ಕೆಂದು ಇಂಗ್ಲಿಷರು ಆಸ್ಟ್ರೇಲಿಯಕ್ಕೂ ಅದನ್ನು ಹೊತ್ತೊಯ್ದರು. ಅಲ್ಲಿನ ಸಣ್ಣ ಪ್ರಾಣಿಗಳು ಅದರ ಬೆಲೆಯನ್ನು ಇವತ್ತಿಗೂ ತೆರುತ್ತಿವೆ. ಭಾರತದಲ್ಲಿ ಕೆಂಪು ನರಿ ಇರುವುದು ಲಡಾಖ್, ಕಾಶ್ಮೀರ, ಹಿಮಾಚಲಗಳ ಬೆಟ್ಟಗಳಲ್ಲಿ. ರಾಜಸ್ಥಾನ ಮತ್ತು ಕಛ್‌ನ ಮರಳುಗಾಡಿನಲ್ಲಿ ಅದರದೇ ಒಂದು ಒಳಜಾತಿ ಇದೆ. ಕರ್ನಾಟಕದಲ್ಲಿ ಅದು ಇಲ್ಲ. ಗುಳ್ಳೆನರಿಯನ್ನು ಕೆಲವು ಕಡೆ ‘ಕೆಂಪು ನರಿ’ ಎಂದೇ ಕರೆಯುವುದುಂಟು. ಆಗ ಗುರುತಿಗೆ ಬಾಲದ ತುದಿ ನೋಡಿದರೆ ಸಾಕು. ಕೆಂಪು ನರಿಯ ಬಾಲದ ತುದಿ ಸಾಮಾನ್ಯವಾಗಿ ಬಿಳಿ. ಗುಳ್ಳೆನರಿಯದು ಕಪ್ಪು, ಮಸಿಯಲ್ಲಿ ಅದ್ದಿ ತೆಗೆದಂತೆ. ಶಿರಾ ಕಡೆಯ ಹೆದ್ದಾರಿಯಲ್ಲಿ ಬೆಳಗಿನ ಜಾವ ವಾಹನಕ್ಕೆ ಸಿಕ್ಕಿ ಸತ್ತಿದ್ದ ಒಂದನ್ನು ರಸ್ತೆಯ ಪಕ್ಕಕ್ಕೆ ಎತ್ತಿಟ್ಟಾಗ ನನಗೆ ಅದನ್ನು ಹತ್ತಿರದಿಂದ ನೋಡಲು ಸಿಕ್ಕಿತು. ಕೈಯಲ್ಲಿ ಭಾರವೇ ಇರಲಿಲ್ಲ. ಮೂಗಿನ ಮೇಲೆ ಕೆಂಪುಮಣ್ಣು ಇನ್ನೂ ಹಸಿಯಾಗಿತ್ತು. ಸಾಯುವ ಸ್ವಲ್ಪ ಮೊದಲು ಎಲ್ಲೋ ನೆಲ ಕೆದಕಿ ಬಂದಿತ್ತು.

ಕೆಂಪು ನರಿ ನಗರಕ್ಕೆ ಹೋದದ್ದು ಹೇಗೆ? ಹಳ್ಳಿ ಬಿಟ್ಟು ಪೇಟೆಗೆ ವಲಸೆ ಹೋಯಿತು ಎಂದುಕೊಳ್ಳುವುದು ಸುಲಭ. ನಡೆದದ್ದು ಹೆಚ್ಚಾಗಿ ತಿರುಗುಮುರುಗು: ಪೇಟೆಯೇ ನರಿಯ ಮೇಲೆ ಹರಡಿಕೊಂಡಿತು. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಬ್ರಿಟನ್ನಿನ ನಗರಗಳ ಹೊರವಲಯದಲ್ಲಿ ಜೋಡಿ ಮನೆಗಳ ಬಡಾವಣೆಗಳು ಸಾಲುಸಾಲಾಗಿ ಎದ್ದವು. ಪ್ರತಿ ಮನೆಗೂ ಹಿಂದೆ ಉದ್ದನೆಯ ಕೈತೋಟ, ಬೇಲಿಗೆ ಪೊದೆ, ಮೂಲೆಯಲ್ಲಿ ಮರದ ಹಲಗೆಯ ಸಾಮಾನು ಕೊಠಡಿ. ಆ ಕೊಠಡಿಯ ಅಡಿಯ ಟೊಳ್ಳು ಮರಿ ಹಾಕಲು ಬಿಲವಾಯಿತು. ಮಳೆ ಬಿದ್ದ ರಾತ್ರಿ ಕತ್ತರಿಸಿದ ಹುಲ್ಲುಹಾಸಿನ ಮೇಲೆ ಎರೆಹುಳುಗಳು ಎದ್ದುಬರುತ್ತವೆ. ನರಿಗೆ ಅದು ದೊಡ್ಡ ಊಟ. ಅದರ ಜೊತೆಗೆ ಇಲಿ, ಪಾರಿವಾಳ, ಉದುರಿದ ಸೇಬು, ಹಕ್ಕಿಗಳಿಗೆಂದು ಇಟ್ಟ ಕಾಳು, ಕಸದ ಚೀಲ, ಕೊನೆಗೆ ಜನ ಪ್ರೀತಿಯಿಂದ ತಟ್ಟೆಯಲ್ಲಿಟ್ಟದ್ದು. 1930ರ ದಶಕದ ಹೊತ್ತಿಗೆ ಲಂಡನ್ನಿನ ಹೊರಬಡಾವಣೆಗಳಲ್ಲಿ ನರಿಗಳು ನೆಲೆ ನಿಂತಿದ್ದವು. 2011ರಲ್ಲಿ, ಆಗಿನ್ನೂ ಕಟ್ಟಲಾಗುತ್ತಿದ್ದ ‘ದಿ ಶಾರ್ಡ್’ ಕಟ್ಟಡದ 72ನೆಯ ಮಹಡಿಯಲ್ಲಿ ಒಂದು ನರಿ ಸಿಕ್ಕಿತು. ಕೆಲಸಗಾರರು ತಿಂದು ಬಿಟ್ಟದ್ದನ್ನು ತಿಂದುಕೊಂಡು ಅದು ಅಲ್ಲಿ ದಿನ ಕಳೆಯುತ್ತಿತ್ತು.

ಆದರೆ ಎಲ್ಲವನ್ನೂ ತಿನ್ನುವ ಗುಣವೊಂದೇ ಇದಕ್ಕೆ ಕಾರಣವಲ್ಲ. ಗುಳ್ಳೆನರಿಯೂ ಎಲ್ಲವನ್ನೂ ತಿನ್ನುತ್ತದೆ. ಕೆಂಪು ನರಿಗೆ ನೆರವಾದ ಇನ್ನೂ ಎರಡು ಸಂಗತಿಗಳಿವೆ. ಮೊದಲನೆಯದು, ಅದರ ಸಂಸಾರ ಹಿಗ್ಗುತ್ತದೆ, ಕುಗ್ಗುತ್ತದೆ. ಆಹಾರ ವಿರಳವಾದ ಬೆಟ್ಟಗಾಡಿನಲ್ಲಿ ಒಂದು ಜೋಡಿ ಹಲವು ಚದರ ಕಿಲೋಮೀಟರು ಜಾಗವನ್ನು ತನ್ನದೆಂದು ಕಾಯುತ್ತದೆ. ಬ್ರಿಸ್ಟಲ್‌ನಂಥ ನಗರದಲ್ಲಿ ಹತ್ತಾರು ಎಕರೆಯಲ್ಲೇ ಸಂಸಾರ ನಡೆಸುತ್ತದೆ, ಹಿಂದಿನ ವರ್ಷದ ಹೆಣ್ಣುಮರಿಗಳನ್ನು ಹೊರಗಟ್ಟದೆ ಜೊತೆಗಿಟ್ಟುಕೊಂಡು ಹೊಸ ಮರಿಗಳನ್ನು ಸಾಕಿಸುತ್ತದೆ. ಎರಡನೆಯದು, ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಆ ನಗರಗಳ ಬೀದಿಗಳಲ್ಲಿ ಒಡೆಯರಿಲ್ಲದ ನಾಯಿಗಳಿಲ್ಲ. ನಾಯಿ ಮನೆಯೊಳಗೆ ಮಲಗುತ್ತದೆ, ಹಗಲು ಸರಪಳಿಯಲ್ಲಿ ನಡೆಯುತ್ತದೆ. ರಾತ್ರಿಯ ಬೀದಿ ಖಾಲಿ. ನಮ್ಮ ಪೇಟೆಯಲ್ಲಿ ಬೀದಿನಾಯಿ ಮಾಡುವ ಕೆಲಸವನ್ನು, ಅಂದರೆ ಎಂಜಲು, ಕಸ, ಇಲಿ, ಸತ್ತದ್ದು ಎಲ್ಲವನ್ನೂ ಆರಿಸಿ ತಿನ್ನುವ ಕೆಲಸವನ್ನು, ಅಲ್ಲಿ ಮಾಡುವವರೇ ಇರಲಿಲ್ಲ. ಆ ತೆರವಾದ ಜಾಗಕ್ಕೆ ನರಿ ಬಂತು.

ಆದರೂ ನಗರದ ಬದುಕು ನರಿಗೆ ಸುಖದ್ದೆಂದು ತಿಳಿಯಬಾರದು. ಬ್ರಿಟನ್ನಿನ ನಗರಗಳಲ್ಲಿ ಬಹುಪಾಲು ನರಿಗಳು ಎರಡು ವರ್ಷವನ್ನೂ ಪೂರೈಸುವುದಿಲ್ಲ. ಹೆಚ್ಚಿನವು ಸಾಯುವುದು ಕಾರಿನಡಿಯಲ್ಲಿ. ಒತ್ತೊತ್ತಾಗಿ ಬದುಕುವುದರಿಂದ ರೋಗವೂ ಬೇಗ ಹಬ್ಬುತ್ತದೆ. 1994ರಲ್ಲಿ ಬ್ರಿಸ್ಟಲ್ ನಗರಕ್ಕೆ ಕಜ್ಜಿರೋಗ ಬಂದು ಕೆಲವೇ ವರ್ಷಗಳಲ್ಲಿ ಅಲ್ಲಿನ ನರಿಗಳಲ್ಲಿ ಶೇ 95ಕ್ಕಿಂತ ಹೆಚ್ಚು ಸತ್ತವು. ಚರ್ಮದೊಳಗೆ ಕೊರೆಯುವ ಕಣ್ಣಿಗೆ ಕಾಣದ ಹುಳುವಿನಿಂದ ಕೂದಲೆಲ್ಲ ಉದುರಿ, ಕೆರೆದು ಕೆರೆದು ಸೊರಗಿ ಸಾಯುವ ಸಾವು ಅದು. ಸುತ್ತಲಿನ ಹಳ್ಳಿಗಾಡಿನಲ್ಲಿ ನರಿಗಳು ಉಳಿದಿದ್ದರಿಂದ ನಗರ ಮತ್ತೆ ನಿಧಾನವಾಗಿ ತುಂಬಿಕೊಂಡಿತು. ಹೊರಗೆ ಮೂಲ ಇದ್ದರೆ ಮಾತ್ರ ಒಳಗೆ ನಷ್ಟವಾದದ್ದು ತುಂಬೀತು ಎಂಬ ಈ ಲೆಕ್ಕವನ್ನು ನೆನಪಿಟ್ಟುಕೊಂಡು ನಮ್ಮ ಗೋಮಾಳಕ್ಕೆ ಹಿಂತಿರುಗೋಣ.

ಗುಳ್ಳೆನರಿ ಭಾರತ ಉಪಖಂಡವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ದಟ್ಟ ಕಾಡು ಅದಕ್ಕೆ ಆಗುವುದಿಲ್ಲ, ನೀರಾವರಿ ತೋಟವೂ ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಗಿಡ್ಡ ಹುಲ್ಲಿನ ಬಯಲು, ಅಲ್ಲಲ್ಲಿ ಕುರುಚಲು ಗಿಡ, ಅಗೆಯಲು ಬರುವ ನೆಲ. ಮಿಡತೆ, ಗೆದ್ದಲು, ಸಗಣಿಹುಳು, ಬಯಲಿನ ಇಲಿ, ಓತಿಕ್ಯಾತ, ನೆಲದಲ್ಲಿ ಗೂಡು ಮಾಡುವ ಹಕ್ಕಿಯ ಮೊಟ್ಟೆ, ಎಲಚಿ ಹಣ್ಣು ಅದರ ಆಹಾರ. ಮುಂಗಾರಿನ ಮೊದಲ ಮಳೆಗೆ ಹುತ್ತದಿಂದ ರೆಕ್ಕೆಯ ಗೆದ್ದಲು ಏಳುವ ಸಂಜೆ ಅದಕ್ಕೆ ಹಬ್ಬ. ಬಾಯಿ ತೆರೆದು ಗಾಳಿಯಿಂದಲೇ ಹಿಡಿದು ನುಂಗುತ್ತದೆ. ಎಲಚಿ ಹಣ್ಣಿನ ಕಾಲದಲ್ಲಿ ಅದರ ಹಿಕ್ಕೆಯ ತುಂಬ ಎಲಚಿಯ ಬೀಜಗಳೇ ಇರುತ್ತವೆ. ಪಾವಗಡ, ಶಿರಾ, ಮಧುಗಿರಿಯ ಕಡ್ಲೆಕಾಯಿ ಹೊಲಗಳಲ್ಲಿ ಇಲಿ ಮಾಡುವ ಹಾನಿಯನ್ನು ಬಲ್ಲ ರೈತರಿಗೆ ಅದರ ಉಪಯೋಗವನ್ನು ಬಿಡಿಸಿ ಹೇಳಬೇಕಿಲ್ಲ.

ಚಳಿಗಾಲದಲ್ಲಿ ಜೋಡಿ ಕೂಡಿ, ಸುಮಾರು 50 ದಿನಗಳ ಗರ್ಭದ ನಂತರ, ಮಾಘ ಫಾಲ್ಗುಣದ ಹೊತ್ತಿಗೆ ಎರಡರಿಂದ ನಾಲ್ಕು ಮರಿ ಹಾಕುತ್ತವೆ. ಗಂಡು ಹೆಣ್ಣು ಎರಡೂ ಸಾಕುತ್ತವೆ. ಒಳ್ಳೆಯ ಬಿಲವನ್ನು ವರ್ಷ ವರ್ಷವೂ ಬಳಸುತ್ತವೆ. ಹಲವು ಬಾಯಿಗಳಿರುವುದು ಒಂದು ಕಡೆಯಿಂದ ಅಪಾಯ ಬಂದರೆ ಇನ್ನೊಂದು ಕಡೆಯಿಂದ ಹೊರಡುವುದಕ್ಕೆ. ತೆರೆದ ಬಯಲಿನಲ್ಲಿ ಬಿಲ ಮಾಡುವುದು ನಮಗೆ ಅವಿವೇಕ ಎನ್ನಿಸಬಹುದು. ಎರಡು ಕಿಲೋ ತೂಗುವ ಪ್ರಾಣಿಗೆ ಶತ್ರುವನ್ನು ದೂರದಿಂದಲೇ ಕಂಡು ಒಳಗೆ ಸೇರಿಕೊಳ್ಳುವುದೇ ರಕ್ಷಣೆ. ಪೊದೆ ಗೋಡೆಗಳು ಅದರ ಕಣ್ಣು ಕಟ್ಟುತ್ತವೆ. ಕೆಂಪು ನರಿಗೆ ಮರೆ ಬೇಕು, ಇದಕ್ಕೆ ಬಯಲು ಬೇಕು. ನಗರ ಕೊಡುವುದು ಮರೆಯನ್ನು.

ಇನ್ನು ನಾಯಿಯ ವಿಚಾರ. ಮಹಾರಾಷ್ಟ್ರದ ಸೊಲ್ಲಾಪುರದ ಹತ್ತಿರದ ನಾನ್ನಜ್ ಹುಲ್ಲುಗಾವಲಿನಲ್ಲಿ ಗುಳ್ಳೆನರಿ ಮತ್ತು ನಾಯಿಗಳ ಸಂಬಂಧವನ್ನು ಅಬಿ ತಮೀಮ್ ವನಕ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಆಹಾರಕ್ಕಾಗಿ ಎರಡರ ನಡುವೆ ಜಗಳವೇ ಇಲ್ಲ ಎಂಬುದು ಅಲ್ಲಿ ಕಂಡುಬಂತು. ನಾಯಿಗಳು ಬಹುಪಾಲು ಊರಿನ ಅನ್ನದ ಮೇಲೆ ಬದುಕುತ್ತವೆ, ನರಿಗಳು ಇಲಿ, ಹುಳು, ಹಣ್ಣುಗಳ ಮೇಲೆ. ಆದರೂ ನಾಯಿ ಕಣ್ಣಿಗೆ ಬಿದ್ದರೆ ನರಿ ಮುಂದಿರುವ ಆಹಾರವನ್ನು ತಿನ್ನುವುದು ಕಡಿಮೆ ಮಾಡಿ ತಲೆಯೆತ್ತಿ ಸುತ್ತ ನೋಡುತ್ತಿರುತ್ತದೆ. ನಾಯಿಗಳು ಓಡಾಡುವ ಊರಂಚಿನ ನೆಲವನ್ನು ಅದು ದೂರವಿಡುತ್ತದೆ. ನಾಯಿ ಬೇಟೆಯಾಡಿ ಕೊಲ್ಲುವುದು ಒಂದು ಕಡೆ. ಕೊಲ್ಲದೆಯೂ, ಸುಮ್ಮನೆ ಅಲ್ಲಿ ಇರುವುದರಿಂದಲೇ, ನರಿಯ ಹೊಟ್ಟೆಗೆ ಬೀಳುವುದು ಕಡಿಮೆಯಾಗುತ್ತದೆ. ಲಂಡನ್ನಿನಲ್ಲಿ ಖಾಲಿಯಿದ್ದ ಜಾಗ ತುಮಕೂರಿನಲ್ಲಿ ಖಾಲಿಯಿಲ್ಲ. ಹದಿನೈದು ಕಿಲೋ ತೂಗುವ ಬೀದಿನಾಯಿಗಳ ಹಿಂಡು ಅಲ್ಲಿ ಆಗಲೇ ಇದೆ. ಮೊಮ್ಮಗನ ಪ್ರಶ್ನೆಗೆ ನಾನು ಆವತ್ತೇ ಕೊಡಬೇಕಾಗಿದ್ದ ಉತ್ತರ ಇದು.

ನಾಯಿಯಿಂದ ರೋಗವೂ ದಾಟುತ್ತದೆ. ಲಸಿಕೆ ಕಾಣದ ನಾಯಿಗಳಲ್ಲಿ ಸುತ್ತುತ್ತಲೇ ಇರುವ ಡಿಸ್ಟೆಂಪರ್ ಎಂಬ ವೈರಾಣು ನರಿಗೂ ತಗಲುತ್ತದೆ. ಅದು ತಗಲಿದ ನರಿ ಹಗಲಿನಲ್ಲೇ ತೂಕಡಿಸುತ್ತ, ಅಡ್ಡಾದಿಡ್ಡಿ ನಡೆಯುತ್ತ ಸಾಯುತ್ತದೆ. ಹುಚ್ಚುನಾಯಿ ರೋಗವೂ ಹಾಗೆಯೇ. ಯುರೋಪಿನಲ್ಲಿ ರೇಬಿಸ್ ಅನ್ನು ಕಾಡಿನಲ್ಲಿ ಹಬ್ಬಿಸುತ್ತಿದ್ದದ್ದು ಕೆಂಪು ನರಿಯೇ. 1978ರಲ್ಲಿ ಸ್ವಿಟ್ಜರ್ಲೆಂಡಿನವರು ಕೋಳಿಯ ತಲೆಗಳೊಳಗೆ ಲಸಿಕೆಯಿಟ್ಟು ಕಾಡಿನಲ್ಲಿ ಹಂಚಿ, ನರಿಗಳು ತಾವಾಗಿಯೇ ಲಸಿಕೆ ತಿನ್ನುವಂತೆ ಮಾಡಿದರು; ಆ ದಾರಿಯನ್ನು ಹಿಡಿದು ಪಶ್ಚಿಮ ಯುರೋಪಿನ ಬಹುಭಾಗ ನರಿಯ ರೇಬಿಸ್‌ನಿಂದ ಮುಕ್ತವಾಯಿತು. ನಮ್ಮಲ್ಲಿ ಈ ರೋಗವನ್ನು ಮನುಷ್ಯರಿಗೆ ತರುವುದು ಬಹುಮಟ್ಟಿಗೆ ನಾಯಿ. ಆದ್ದರಿಂದ ಹಳ್ಳಿಯ ನಾಯಿಗಳಿಗೆ ಲಸಿಕೆ ಹಾಕಿಸುವ ಪಶುವೈದ್ಯರು ಮಕ್ಕಳ ಜೊತೆಗೆ ಬಯಲಿನ ನರಿಯನ್ನೂ ಉಳಿಸುತ್ತಿದ್ದಾರೆ. ಯಾವುದೇ ನರಿ ಮನುಷ್ಯರ ಹತ್ತಿರಕ್ಕೆ ಅಂಜದೆ ಬಂದರೆ ದೂರವಿರಬೇಕು. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಹೆಚ್ಚು ಕಾಡುವುದು ನೆಲದ ಪ್ರಶ್ನೆ. ಗುಳ್ಳೆನರಿ ಬದುಕುವ ಭೂಮಿಗೆ ನಮ್ಮ ಕಂದಾಯ ದಾಖಲೆಗಳಲ್ಲಿ ಒಳ್ಳೆಯ ಹೆಸರಿಲ್ಲ. ಅದು ಖರಾಬು, ಬೀಳು, ಪಾಳು. ಕೇಂದ್ರ ಸರ್ಕಾರ ಹೊರತಂದ ಪಾಳುಭೂಮಿಯ ನಕ್ಷೆಗಳಲ್ಲಿಯೂ ಹುಲ್ಲುಗಾವಲು ಮತ್ತು ಕುರುಚಲು ಬಯಲುಗಳು ಸೇರಿಕೊಂಡಿವೆ. ಪಾಳು ಎಂದು ಬರೆದ ಮೇಲೆ ಅದಕ್ಕೆ ಏನಾದರೂ ‘ಉಪಯೋಗ’ ಹುಡುಕುವುದು ಸಹಜವೇ ಆಗಿಬಿಡುತ್ತದೆ. ದನಕರುಗಳ ಲೆಕ್ಕ ಹಿಡಿದು ಉಳಿಸಿಕೊಳ್ಳಬೇಕಾದ ಗೋಮಾಳ, ಊರಿನಲ್ಲಿ ದನ ಕಡಿಮೆಯಾದಂತೆ ‘ಹೆಚ್ಚುವರಿ’ಯಾಗುತ್ತದೆ, ಆಮೇಲೆ ನಿವೇಶನಕ್ಕೆ, ಕೈಗಾರಿಕೆಗೆ, ಕಲ್ಲುಗಣಿಗೆ ಹೋಗುತ್ತದೆ. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳಿಗೆಂದು ಬಿಟ್ಟಿದ್ದ ಕಾವಲುಗಳು ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇಂಥ ಬಯಲುಗಳನ್ನು ಬಹುಕಾಲ ಕಾಪಾಡಿದವು. ಯಾವ ಪ್ರಾಣಿಯನ್ನೂ ಉಳಿಸಬೇಕೆಂದು ಅವನ್ನು ಬಿಟ್ಟಿರಲಿಲ್ಲ. ದನ ಮೇಯುವ ಹುಲ್ಲು ಉಳಿದದ್ದರಿಂದ ನರಿ, ತೋಳ, ಕೃಷ್ಣಮೃಗಗಳೂ ಉಳಿದವು. ಅವೂ ಈಗ ಒತ್ತುವರಿಗೂ ಬೇರೆ ಬೇರೆ ಯೋಜನೆಗಳಿಗೂ ಬಿಟ್ಟುಕೊಟ್ಟು ಕುಗ್ಗಿವೆ.

ಹಸಿರು ಮಾಡುತ್ತೇವೆಂದು ಮಾಡುವ ಹಾನಿ ಇದಕ್ಕಿಂತ ಸೂಕ್ಷ್ಮವಾದದ್ದು. ಬಯಲು ಕಂಡ ಕೂಡಲೇ ಗಿಡ ನೆಡಬೇಕು ಎಂಬ ಒಳ್ಳೆಯ ಮನಸ್ಸಿನಿಂದ ನೀಲಗಿರಿ, ಜಾಲಿಗಳನ್ನು ನೆಟ್ಟಾಗ ಹುಲ್ಲು ಹೋಗುತ್ತದೆ, ಹುಲ್ಲಿನ ಮಿಡತೆ ಹೋಗುತ್ತದೆ, ಇಲಿ ಹೋಗುತ್ತದೆ, ಬಿಲ ತೋಡಿದ ಪ್ರಾಣಿ ಕಣ್ಣು ಕಟ್ಟಿದಂತಾಗಿ ಜಾಗ ಬಿಡುತ್ತದೆ. ಹುಲ್ಲುಗಾವಲು ಹಾಳಾದ ಕಾಡಲ್ಲ. ಅದು ಅದರದೇ ರೀತಿಯಲ್ಲಿ ಪೂರ್ಣವಾದ ನೆಲೆ. ಪಾವಗಡದ ಸೌರವಿದ್ಯುತ್ ಪಾರ್ಕನ್ನೂ ಇಲ್ಲಿ ನೆನೆಯಬೇಕು. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಆ ಪಾರ್ಕು ಮಳೆ ಕೈಕೊಟ್ಟ ರೈತರಿಗೆ ವರ್ಷ ವರ್ಷವೂ ಗುತ್ತಿಗೆ ಹಣ ತಂದುಕೊಟ್ಟಿದೆ. ಅದನ್ನು ಹಗುರವಾಗಿ ಅಲ್ಲಗಳೆಯಲು ನಾನು ಸಿದ್ಧನಿಲ್ಲ. ಆದರೆ ಮಳೆಯಾಶ್ರಿತ ಹೊಲ, ಬದು, ಬೀಳು ಒಂದಕ್ಕೊಂದು ಹೆಣೆದುಕೊಂಡಿದ್ದ ನೆಲ ಅದು. ಮುಂದಿನ ಯೋಜನೆಗಳಿಗೆ ಭೂಮಿ ಆರಿಸುವಾಗ, ಅಲ್ಲಿ ಏನೂ ಇಲ್ಲ ಎಂದು ಬರೆಯುವ ಮೊದಲು ಒಂದು ಬೇಸಗೆಯ ಸಂಜೆಯಾದರೂ ಹೋಗಿ ನೋಡಬೇಕು ಎಂಬುದು ನನ್ನ ಕಳಕಳಿಯ ಕೋರಿಕೆ.

ನೋಡಿ ಉಳಿಸಿದ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಸುಮಾರು 798 ಎಕರೆ ಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಹೆಸರು ಕೃಷ್ಣಮೃಗದ್ದಾದರೂ ಹುಲ್ಲನ್ನು ಉಳಿಸಿದರೆ ಅದರ ನೆರಳಿನಲ್ಲಿ ಬದುಕುವ ಸಣ್ಣವೂ ಉಳಿಯುತ್ತವೆ. ಆದರೆ 798 ಎಕರೆ ಎಂದರೆ ಕೆಲವೇ ನರಿ ಜೋಡಿಗಳಿಗೆ ಸಾಲುವಷ್ಟು ಜಾಗ. ರೋಗವೊಂದು ಬಂದು ಅವು ಸತ್ತರೆ ಮತ್ತೆ ಬಂದು ತುಂಬಲು ಸುತ್ತಲಿನ ಗೋಮಾಳಗಳಲ್ಲಿ ನರಿಗಳಿರಬೇಕು. ಬ್ರಿಸ್ಟಲ್ಲಿನ ಲೆಕ್ಕ ಇಲ್ಲಿಯೂ ಅದೇ. ಜಾಗತಿಕ ಪಟ್ಟಿಯಲ್ಲಿ ಗುಳ್ಳೆನರಿಯನ್ನು ಅಳಿವಿನ ಆತಂಕ ಕಡಿಮೆಯಿರುವ ಪ್ರಾಣಿಗಳ ಜೊತೆ ಇಟ್ಟಿದ್ದಾರೆ, ಅದು ನಿಜ. ಹಿಮಾಲಯದ ತಪ್ಪಲಿನಿಂದ ಭಾರತದ ದಕ್ಷಿಣದ ತುದಿಯವರೆಗೂ ಅದು ಹರಡಿರುವುದರಿಂದ ಹಾಗಾಗಿದೆ. ಆ ಹರವಿನೊಳಗೆ ಒಂದೊಂದೇ ಗೋಮಾಳದಿಂದ ಅದು ಮರೆಯಾಗುವುದನ್ನು ಅಂಥ ಪಟ್ಟಿ ತೋರಿಸುವುದಿಲ್ಲ.

ಜನರ ನಂಬಿಕೆ ಈ ಪ್ರಾಣಿಗೆ ಒಳಿತನ್ನೂ ಮಾಡಿದೆ, ಕೆಡುಕನ್ನೂ ಮಾಡಿದೆ. ಒಳ್ಳೆಯದಾದ ದಿನ ‘ಇವತ್ತು ನರಿ ಮುಖ ನೋಡಿ ಎದ್ದಿದ್ದೆಯೇನೋ’ ಎನ್ನುತ್ತೇವೆ. ಅದರಲ್ಲಿ ಪ್ರೀತಿಯೂ ಇದೆ. ಅದೇ ನಂಬಿಕೆ ಮುಂದುವರಿದು, ತಮಿಳುನಾಡಿನ ಸೇಲಂ ಕಡೆಯ ಕೆಲವು ಹಳ್ಳಿಗಳಲ್ಲಿ ಸಂಕ್ರಾಂತಿಯ ಹೊತ್ತಿಗೆ ನರಿಯನ್ನೇ ಬಲೆ ಹಾಕಿ ಹಿಡಿದು ಜಲ್ಲಿಕಟ್ಟು ಆಡಿಸುವ ಪದ್ಧತಿಯಾಗಿ ಬೆಳೆದು, ಅರಣ್ಯ ಇಲಾಖೆ ಅದನ್ನು ತಡೆಯಬೇಕಾಯಿತು. ‘ನರಿಕೊಂಬು’ ಎಂದು ಜಾತ್ರೆಗಳಲ್ಲಿ ಮಾರುವ ವಸ್ತು ಶುದ್ಧ ಮೋಸ: ನರಿಗಾಗಲಿ ಗುಳ್ಳೆನರಿಗಾಗಲಿ ಕೊಂಬು ಮೂಡುವುದೇ ಇಲ್ಲ, ಚರ್ಮ, ಕೂದಲು, ಮೂಳೆಯ ಚೂರುಗಳಿಂದ ಅದನ್ನು ತಯಾರಿಸುತ್ತಾರೆ, ಅದಕ್ಕಾಗಿ ಪ್ರಾಣಿಯನ್ನು ಕೊಲ್ಲುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಹಿಡಿಯುವುದು, ಕೊಲ್ಲುವುದು, ಅಂಗಾಂಗ ಮಾರುವುದು ಎಲ್ಲವೂ ಅಪರಾಧ. ಕಾಡುಹಂದಿಗೆಂದು ಇಟ್ಟ ಉರುಳು ಮತ್ತು ಸಿಡಿಮದ್ದುಗಳು ಬಂದ ಪ್ರಾಣಿ ಯಾವುದೆಂದು ನೋಡುವುದಿಲ್ಲ ಎಂಬುದನ್ನೂ ರೈತ ಮಿತ್ರರು ಗಮನಿಸಬೇಕು.

ಬಿಲ ಕಂಡವರು ಅದರ ಫೋಟೊವನ್ನು ಜಾಗದ ಹೆಸರಿನೊಂದಿಗೆ ಎಲ್ಲ ಕಡೆ ಹಂಚಬಾರದು. ಬಾಯಿಯ ಹತ್ತಿರ ಹೋಗಿ ಕಾಯುತ್ತ ಕೂರಬಾರದು. ಮರಿ ಒಂಟಿಯಾಗಿದೆ ಎಂದು ಎತ್ತಿಕೊಂಡು ಬರಬಾರದು, ಏಕೆಂದರೆ ತಾಯಿ ತಂದೆ ಮೇವಿಗೆ ಹೋದಾಗ ಮರಿ ಒಂಟಿಯಾಗಿರುವುದೇ ಸಹಜ. ಈ ಎಚ್ಚರಗಳನ್ನು ನನಗೆ ಮೊದಲು ಕಲಿಸಿದ್ದು ಆ ಕುರಿ ಕಾಯುವ ಹಿರಿಯರೇ. ಬಿಲದಲ್ಲಿ ಮರಿಯಿರುವ ಎರಡು ತಿಂಗಳು ಅವರು ತಮ್ಮ ಎರಡು ನಾಯಿಗಳನ್ನು ಗೋಮಾಳದ ಆ ಬದಿಗೆ ಬಿಡುವುದಿಲ್ಲ. ಹಟ್ಟಿಯ ಹತ್ತಿರದ ಬೇವಿನ ಮರಕ್ಕೆ ಕಟ್ಟಿಹಾಕಿ, ಕುರಿಗಳನ್ನು ಬಳಸುದಾರಿಯಲ್ಲಿ ಹೊಡೆದುಕೊಂಡು ಹೋಗುತ್ತಾರೆ. ಏಕೆ ಎಂದು ಕೇಳಿದ್ದಕ್ಕೆ, “ನಮ್ಮಪ್ಪನೂ ಹಂಗೇ ಮಾಡೋರು. ಆಗ್ಲೂ ಇದೇ ಬಿಲ ಸ್ವಾಮಿ” ಎಂದರು.